ಟ್ಯಾಪು ಬೇಯಿಸಿದ ದಿನ

ಟಕ್ ಎಂದದ್ದು ಹಲ್ಲಿಯಿರಬೇಕು, ಇಲ್ಲವೇ ಕಿಟಕಿಯ ಚಿಲಕ, ಇಲ್ಲವೇ ತಮ್ಮ ಮೊಣಕಾಲೇ ಇರಬೇಕು, ಈಚೆಗೆ ಅದೂ ಎದ್ದಾಗ ಕೂತಾಗ ಟಕ್ಕೆನ್ನುತ್ತದೆ, ಆದರೆ ಯಜಮಾನರು ಎದ್ದೂ ಇಲ್ಲ ಕೂತೂ ಇಲ್ಲ, ಬೆಂಚಿಗೆ ಬಾಗಿ ನಿಂತವರು ಹಾಗೇ ನಿಂತಿದ್ದಾರೆ, ಎರಡೂ ಕೈಯಲ್ಲಿ ಟ್ಯಾಪಿನ ಹಿಡಿ, ಆ ಹಿಡಿ ಮಾತ್ರ ಇದ್ದಕ್ಕಿದ್ದಂತೆ ಹತ್ತಿಯಷ್ಟು ಹಗುರವಾಗಿಬಿಟ್ಟಿದೆ — ಬೇಡ, ಕೆಳಗೆ ನೋಡುವುದು ಬೇಡ, ನೋಡುವವರೆಗೆ ಏನೂ ಆಗಿಲ್ಲ, ಗೋಡೆ ನೋಡೋಣ, ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೂ ಹೋದ ತಿಂಗಳೇ ನೇತಾಡುತ್ತಿದೆ, ಮಗಳಿಗೆ ಎಷ್ಟು ಸಲ ಹೇಳುವುದು, ವರ್ಕ್‌ಶಾಪು ಅಂದಮೇಲೆ ಒಂದು ಶಿಸ್ತು ಬೇಡವೇ, ಒಂದು ಹಾಳೆ ಹರಿಯುವುದಕ್ಕೆ ಎಷ್ಟು ಹೊತ್ತು ಬೇಕು — ನೋಡಿಯೇಬಿಟ್ಟರು. ಬೆಂಚಿನ ವೈಸಿನ ಕಬ್ಬಿಣದ ದವಡೆಯಲ್ಲಿ ಕಚ್ಚಿಸಿದ ಅಲ್ಯೂಮಿನಿಯಂ ಮುಚ್ಚಳ, ಅದರ ಅಂಚಿನುದ್ದಕ್ಕೂ ರಂಧ್ರಗಳು, ಎಲ್ಲದರಲ್ಲೂ ಮಗಳು ಹಾಕಿದ ಥ್ರೆಡ್ಡು ಥಳಥಳ ಹೊಳೆಯುತ್ತಿದೆ, ಕೊನೆಯ ರಂಧ್ರದಲ್ಲಿ ಮಾತ್ರ, ಬಾಯಿಯಿಂದ ಕೂದಲೆಳೆಯಷ್ಟು ಕೆಳಗೆ, ನಾಲ್ಕೆಸಳಿನ ಬೂದು ಹೂವಿನ ಹಾಗೆ, ಮುರಿದ ಟ್ಯಾಪಿನ ಮುಖ. ಮುರಿಯಿತು — ಹೌದು, ಮುರಿಯಿತು, ತಾನಾಗಿ ಮುರಿಯಿತು, ಈಗಿನ ಟ್ಯಾಪುಗಳೇ ಸರಿಯಿಲ್ಲ, ಆದರೆ ಇದು ಈಗಿನದಲ್ಲ, ಮಗಳ ಹೊಸ ಟ್ಯಾಪುಗಳನ್ನು ನೋಡಿ ಮೂಗು ಮುರಿದು ತಮ್ಮದೇ ಹಳೇ ಡಬ್ಬಿಯಿಂದ ಹೆಕ್ಕಿ ತೆಗೆದದ್ದು, ಹಾಗಾದರೆ ಬೆಂಚು ಅಲ್ಲಾಡಿರಬೇಕು, ಹೊರಗೆ ಲಾರಿ ಹೋಗಿರಬೇಕು, ಕೈ ನಡುಗಿತು ಅಂತ ಮಾತ್ರ ಯಾರೂ ಹೇಳಕೂಡದು, ಕೈ ನಡುಗುವುದಕ್ಕೆ ಇದೇನು ಚಳಿಗಾಲವೇ.

ಟ್ಯಾಪು ಅಂದರೆ ನಲ್ಲಿಯಲ್ಲ. ಇದನ್ನು ಬಿಡಿಸಿ ಹೇಳಬೇಕಾದವನು ಈ ಮನೆಯಲ್ಲಿ ಒಬ್ಬನೇ, ಅಳಿಯ, ಮದುವೆಯಾದ ಹೊಸದರಲ್ಲಿ ಮಗಳು ಕೆಳಗಿನಿಂದ ಅಯ್ಯೋ ಟ್ಯಾಪು ಮುರೀತು ಅಂತ ಕೂಗಿದ್ದಕ್ಕೆ ಮಹಾಶಯ ಬಕೆಟ್ಟು ಹಿಡಿದುಕೊಂಡು ಬಚ್ಚಲಿಗೆ ಓಡಿದ್ದ, ನೀರು ಎಲ್ಲಿ ಸೋರ್ತಾ ಇದೆ ಅಂತ ಕೇಳಿದ್ದ, ಕಬ್ಬಿಣದಲ್ಲಾಗಲಿ ಅಲ್ಯೂಮಿನಿಯಂನಲ್ಲಾಗಲಿ ರಂಧ್ರ ಕೊರೆದಮೇಲೆ ಅದರ ಒಳಗೋಡೆಗೆ ಸ್ಕ್ರೂ ಕೂರುವ ಹಾಗೆ ಸುರುಳಿ ಗೆರೆ, ಅದೇ ಥ್ರೆಡ್ಡು, ಕೆತ್ತುವ ಉಕ್ಕಿನ ಕಡ್ಡಿ ಕಣಪ್ಪ ಟ್ಯಾಪು ಅಂದರೆ, ಅಂತ ಯಜಮಾನರು ಹೇಳಿದ್ದು ಅವನಿಗಲ್ಲ, ಗೋಡೆಗೆ, ಅಳಿಯನ ಜೊತೆ ಅವರು ನೇರವಾಗಿ ಮಾತಾಡುವುದಿಲ್ಲ, ಅದು ಬೇರೆ ಕಥೆ, ಈಗ ಅದಕ್ಕೆ ಪುರುಸೊತ್ತಿಲ್ಲ. ಈಗಿರುವ ಕಥೆಯೆಂದರೆ ಈ ಮುಚ್ಚಳ ಲಾಂಡ್ರಿಯಮ್ಮನ ಪಂಪಿನದು, ಆ ಪಂಪು ಮಾಡುತ್ತಿದ್ದ ಕಂಪನಿಯೇ ಈಗ ಇಲ್ಲ, ಇನ್ನೊಂದು ಮುಚ್ಚಳ ಬೇಕೆಂದರೆ ವಸ್ತುಸಂಗ್ರಹಾಲಯದ ಬಾಗಿಲು ತಟ್ಟಬೇಕು, ಬೀದಿಯ ಬಟ್ಟೆಯೆಲ್ಲ ಸಾಬೂನಿನ ನೀರಿನಲ್ಲಿ ಮುಳುಗಿ ಕೂತಿದೆ, ಯಜಮಾನರ ಒಂದೇ ಒಂದು ಒಳ್ಳೆಯ ಪ್ಯಾಂಟೂ ಅದರಲ್ಲಿದೆ, ಸಂಜೆಗೆ ಮುಚ್ಚಳ ಕೊಡ್ತೀನಿ ಅಂತ ಮಗಳು ಮಾತು ಕೊಟ್ಟಿದ್ದಾಳೆ, ಬೆಳಿಗ್ಗೆ ಪಕ್ಕದ ಊರಿಗೆ ಹಳೇ ಲೇತು ಯಂತ್ರ ನೋಡಲು ಹೊರಡುವಾಗ ಹೊಸ್ತಿಲಲ್ಲಿ ನಿಂತು ಬೆರಳು ತೋರಿಸಿ ಹೇಳಿದಳು, ಅಪ್ಪ, ಒಂದು ರಂಧ್ರ ಉಳಿದಿದೆ, ನಾನು ಬಂದು ಮುಗಿಸ್ತೀನಿ, ನೀವು ಮುಟ್ಟಬೇಡಿ, ಕಣ್ಣಿನ ಆಪರೇಷನ್ ಆಗಿ ಇನ್ನೂ ತಿಂಗಳು ತುಂಬಿಲ್ಲ, ಆಯ್ತಾ, ಮುಟ್ಟಬೇಡಿ. ಮುಟ್ಟಬೇಡಿ! ಹಾಲು ಕುಡಿಯುವ ಮಗುವಿಗೆ ಹೇಳಿದ ಹಾಗೆ! ಆ ಮಾತು ಇಲ್ಲದಿದ್ದರೆ ಅವರು ಈ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ, ಪೇಪರು ಓದಿಕೊಂಡು ಹಾಯಾಗಿ ಇರುತ್ತಿದ್ದರು, ತಪ್ಪು ಯಾರದು ಅಂತ ಸರಿಯಾಗಿ ಯೋಚಿಸಿ ನೋಡಿದರೆ ಮಗಳದೇ.

ಆದರೆ ಬೀದಿಗೆ ಯಾರ ತಪ್ಪಾದರೇನು, ಬೀದಿ ನಗುವುದಕ್ಕೆ ಕಾದು ಕೂತಿದೆ. ಬೀದಿಯಲ್ಲಿ ಅವರಿಗೆ ತೊಂಬತ್ತು ಡಿಗ್ರಿ ಅಂತ ಹೆಸರು, ಎದುರಿಗೆ ಯಜಮಾನರೇ ಅನ್ನುತ್ತಾರೆ, ಬೆನ್ನು ತಿರುಗಿಸಿದರೆ ತೊಂಬತ್ತು ಡಿಗ್ರಿ ಹೋದ ನೋಡು, ಯಾಕೆಂದರೆ ಇಷ್ಟು ವರ್ಷ ಈ ಬೆಂಚಿನ ಮುಂದೆ ನಿಂತ ಪ್ರತಿಯೊಬ್ಬನ ಕಿವಿಯಲ್ಲೂ ಅವರು ಊದಿದ್ದು ಅದೊಂದೇ ಮಂತ್ರ, ಟ್ಯಾಪು ರಂಧ್ರಕ್ಕೆ ನೆಟ್ಟಗೆ ನಿಲ್ಲಬೇಕು, ತೊಂಬತ್ತು ಡಿಗ್ರಿ, ಎಂಬತ್ತೊಂಬತ್ತೂ ಅಲ್ಲ, ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ, ಕೆತ್ತಿದ ಲೋಹದ ಚೂರು ಮುರಿಯಲಿ, ಟ್ಯಾಪು ಮುರಿಯದಿರಲಿ, ಮತ್ತೆ ಯಾವನಾದರೂ ಮುರಿದು ತಲೆ ಕೆರೆದುಕೊಂಡು ಬಂದು, ಯಜಮಾನ್ರೇ ಟ್ಯಾಪು ಮುರೀತು ಅಂದರೆ ಸಾಕು, ಮುರೀತು ಅನ್ನಬೇಡ, ಮುರಿದೆ ಅನ್ನು, ಅದಕ್ಕೇನು ಕಾಲು ಬಂದು ತಾನೇ ಹೋಗಿ ಮುರ್ಕೊಂಡಿತಾ, ಅಂತ ಛಾವಣಿ ಹಾರುವ ಹಾಗೆ ಕೂಗುತ್ತಿದ್ದರು, ಹೆಂಡತಿ ಇದ್ದಾಗ ಮಹಡಿಯಿಂದಲೇ ಅನ್ನುತ್ತಿದ್ದಳು, ಟ್ಯಾಪಿಗೆ ಬಿಡೋ ಎಣ್ಣೇಲಿ ಒಂದು ತೊಟ್ಟು ನಿಮ್ಮ ನಾಲಿಗೆಗೂ ಬಿಟ್ಕೊಳ್ಳಿ ಅಂತ, ಅವಳು ಹೋಗಿ ಇಷ್ಟು ದಿನವಾದರೂ ಎಣ್ಣೆಯ ಡಬ್ಬಿ ನೋಡಿದರೆ ಅದೇ ಮಾತು ಕೇಳಿಸುತ್ತದೆ, ಸರಿ ಮಾರಾಯ್ತಿ, ಇವತ್ತು ನೀನು ಗೆದ್ದೆ, ನಾಲಿಗೆಗೆ ಆಮೇಲೆ ಬಿಡುತ್ತೇನೆ, ಈಗ ಈ ರಂಧ್ರಕ್ಕೆ ಬಿಡುತ್ತೇನೆ. ಸೀಮೆಎಣ್ಣೆ ಬಿಟ್ಟರು, ಕಾದರು, ಮುರಿದ ಟ್ಯಾಪು ತೆಗೆಯುವ ಸಾಧನ ಡ್ರಾಯರಿನ ತಳದಲ್ಲಿತ್ತು, ಸೂಜಿಯಂಥ ನಾಲ್ಕು ಉಕ್ಕಿನ ಬೆರಳಿರುವುದು, ಆ ಬೆರಳುಗಳನ್ನು ಟ್ಯಾಪಿನ ನಾಲ್ಕು ಕಾಲುವೆಗಳಿಗೆ ಇಳಿಸಿ ಹಿಂದಕ್ಕೆ ತಿರುಗಿಸಿದರೆ ಅದು ಬೆಣ್ಣೆಯಲ್ಲಿ ಕೂದಲೆಳೆದಂತೆ ಬರಬೇಕು, ಬರಬೇಕು ಅಂತ ಡಬ್ಬಿಯ ಮೇಲೆ ಬರೆದಿದೆ, ತಿರುಗಿಸಿದರು, ಬಂತು, ಟ್ಯಾಪಲ್ಲ, ಒಂದು ಬೆರಳು, ಮತ್ತೆ ತಿರುಗಿಸಿದರು, ಇನ್ನೊಂದು ಬೆರಳೂ ಬಂತು, ಈಗ ರಂಧ್ರದಲ್ಲಿ ಟ್ಯಾಪೂ ಇದೆ ಟ್ಯಾಪು ತೆಗೆಯುವುದೂ ಇದೆ, ಹೋದ ಮಾನ ಹುಡುಕಲು ಹೋಗಿ ಹುಡುಕುವವನೂ ಕಳೆದುಹೋದ ಹಾಗೆ, ಚಿಮುಟದಿಂದ ಆ ಬೆರಳುಗಳನ್ನು ಹೆಕ್ಕಿ ತೆಗೆಯುವ ಹೊತ್ತಿಗೆ ಹಣೆಯ ಬೆವರು ಕನ್ನಡಕದ ಮೇಲೆ ಇಳಿದಿತ್ತು. ಇನ್ನುಳಿದದ್ದು ಸಣ್ಣ ಉಳಿ, ಸಣ್ಣ ಸುತ್ತಿಗೆ, ಟ್ಯಾಪಿನ ಅಂಚಿಗೆ ಓರೆಯಾಗಿ ಮೆಲ್ಲಗೆ ಒಂದೊಂದೇ ಏಟು, ಮೆಲ್ಲಗೆ, ಮಗುವಿನ ಬೆನ್ನು ತಟ್ಟಿದ ಹಾಗೆ, ಬಾರಪ್ಪ, ಬಾ ರಾಜ, ನಿನಗೆ ನಾನೇನು ಕಡಿಮೆ ಮಾಡಿದ್ದೆ, ಎಷ್ಟು ವರ್ಷ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದೆ — ಒಂದು ಚೂರು ಸುಯ್ಯೆಂದು ಹಾರಿ ಗಲ್ಲಕ್ಕೆ ಬಡಿಯಿತು, ಕನ್ನಡಕ ಇದ್ದದ್ದರಿಂದ ಕಣ್ಣು ಬಚಾವು, ಇಲ್ಲದಿದ್ದರೆ ಆಪರೇಷನ್ ಮಾಡಿದ ಡಾಕ್ಟರಿಗೂ ಉತ್ತರ ಹೇಳಬೇಕಿತ್ತು, ಗಲ್ಲದಿಂದ ಒಂದು ಹನಿ ರಕ್ತ ಮುಚ್ಚಳದ ಮೇಲೆ ಬಿತ್ತು, ಹೂವು ಮಾತ್ರ ಹಂದಾಡಲಿಲ್ಲ, ಬೂದು ಬಣ್ಣದ ನಾಲ್ಕೆಸಳು, ಒಂದರ ತುದಿ ಚೂರು ಕಿತ್ತಿದೆ, ಅಷ್ಟೇ.

ಒಂದೇ ದಾರಿ ಇತ್ತು, ಮತ್ತು ಆ ದಾರಿ ಬೀದಿಯ ಮೂಲೆಯಲ್ಲಿ ಮುಗಿಯುತ್ತಿತ್ತು. ಮೂಲೆಯಲ್ಲಿ ಮುರುಕನ ಅಂಗಡಿ. ಮುರುಕ ಅನ್ನುವುದು ಯಜಮಾನರೇ ಇಟ್ಟ ಹೆಸರು, ಒಂದೇ ವಾರದಲ್ಲಿ ಎರಡು ಟ್ಯಾಪು ಮುರಿದು ಇದೇ ಬೆಂಚಿನ ಮುಂದೆ ಬೈಸಿಕೊಂಡು ಕೆಲಸ ಬಿಟ್ಟುಹೋದವನು, ಹೋದವನು ಸುಮ್ಮನೆ ಹೋಗಲಿಲ್ಲ, ಕಿಡಿ ಹಾರಿಸಿ ಉಕ್ಕನ್ನು ತಿಂದುಹಾಕುವ ಯಂತ್ರವೊಂದನ್ನು ತಂದು ಬೋರ್ಡು ಹಾಕಿದ, ಮುರಿದ ಟ್ಯಾಪುಗಳನ್ನು ತೆಗೆದುಕೊಡಲಾಗುವುದು, ಕೆಂಪು ಅಕ್ಷರದಲ್ಲಿ, ಯಜಮಾನರು ದಿನಾ ವಾಕಿಂಗಿಗೆ ಹೋಗುವಾಗ ಕಣ್ಣಿಗೆ ರಾಚುವ ಹಾಗೆ, ಈಗ ಊರಿನ ವರ್ಕ್‌ಶಾಪುಗಳೆಲ್ಲ ತಮ್ಮ ತಮ್ಮ ಮರ್ಯಾದೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನ ಬಾಗಿಲಿಗೆ ಹೋಗುತ್ತವೆ, ಈ ಒಂದು ವರ್ಕ್‌ಶಾಪು ಹೋಗಿಲ್ಲ, ಹೋಗುವುದೂ ಇಲ್ಲ, ತಲೆ ಹೋದರೂ ಇಲ್ಲ, ಅಂದುಕೊಳ್ಳುತ್ತಲೇ ಮುಚ್ಚಳಕ್ಕೆ ಟವೆಲು ಸುತ್ತಿ ಹೆಗಲ ಮೇಲೆ ಇಟ್ಟುಕೊಂಡು ಬೀದಿಗೆ ಇಳಿದಿದ್ದಾರೆ, ಕಾಲುಗಳಿಗೆ ತಮ್ಮದೇ ಬುದ್ಧಿ ಬಂದಂತಿದೆ, ನೋಡೋಣ, ಸುಮ್ಮನೆ ಆ ಕಡೆ ಹೋಗಿ ಬರೋಣ, ಅಂಗಡಿಯಲ್ಲಿ ಅವನು ಇಲ್ಲದಿದ್ದರೆ, ಅವನ ಹೆಂಡತಿ ಇದ್ದರೆ, ಯಾರದೋ ಮುಚ್ಚಳ, ದಾರಿಯಲ್ಲಿ ಸಿಕ್ಕಿತು ಅಂತ — ಅವನು ಇದ್ದ. ಬಾಗಿಲಲ್ಲೇ ಇದ್ದ, ಕೈ ಒರೆಸಿಕೊಳ್ಳುತ್ತಾ, ಮುಖವೆಲ್ಲ ನಗುವಾಗಿ, ಅಯ್ಯೋ ಯಜಮಾನ್ರೇ, ಬನ್ನಿ ಬನ್ನಿ, ಎಷ್ಟು ವರ್ಷ ಆಯ್ತು, ಒಳಗೆ ಬನ್ನಿ, ಹೆಗಲ ಮೇಲೆ ಏನದು, ಅಂದ. ತುಟಿಗೆ ಬಂದದ್ದು ಎಲ್ಲಿಂದ ಬಂತೋ, ಕುಂಬಳಕಾಯಿ, ಅಂದುಬಿಟ್ಟರು. ಕುಂಬಳಕಾಯೀನಾ, ಅಂದ ಮುರುಕ, ಟವೆಲಿನ ಮೂಲೆಯಿಂದ ಹೊಳೆಯುತ್ತಿದ್ದ ಅಲ್ಯೂಮಿನಿಯಂ ಅಂಚು ನೋಡಿ, ಕಿವಿ ಇದೆಯಲ್ಲ ಯಜಮಾನ್ರೇ ಇದಕ್ಕೆ. ಹೊಸ ತಳಿ, ಅಂದರು ಯಜಮಾನರು, ಅಳಿಯಂದ್ರು ಹೇಳಿದ್ರು ತರೋಕೆ, ಬರ್ತೀನಿ. ಅವನು ಇನ್ನೇನೋ ಹೇಳುತ್ತಿದ್ದ, ನಿಮ್ಮ ಆಶೀರ್ವಾದದಿಂದ ಎಲ್ಲ ಚೆನ್ನಾಗಿದೆ ಅಂತಲೋ ಏನೋ, ವ್ಯಂಗ್ಯವೋ ನಿಜವೋ, ನಿಜವೇ ಇದ್ದಿರಬೇಕು, ಅದೇ ಇನ್ನೂ ಕಷ್ಟ, ಹಿಂದೆ ತಿರುಗಿ ನೋಡದೆ ಬಂದರು, ಬೀದಿಯುದ್ದಕ್ಕೂ ಹೆಗಲು ಉರಿಯಿತು, ಕುಂಬಳಕಾಯಿ, ಎಪ್ಪತ್ತು ದಾಟಿದ ಮನುಷ್ಯ ಆಡುವ ಮಾತೇ ಇದು, ಕುಂಬಳಕಾಯಿ.

ಗಲ್ಲದ ಗಾಯ ಕನ್ನಡಿಯಲ್ಲಿ ನೋಡಿದರೆ ಅಷ್ಟೇನಿಲ್ಲ, ಕ್ಷೌರದ ಡಬ್ಬಿಯಿಂದ ಪಟಿಕದ ಕಲ್ಲು ತೆಗೆದು ನೆನೆಸಿ ಒತ್ತಿದರು, ಚುರ್ರೆಂದಿತು, ರಕ್ತ ನಿಂತಿತು, ಪಟಿಕ ಒಳ್ಳೆಯ ವಸ್ತು, ಯಾರಿಗೂ ಗೊತ್ತಾಗದ ಹಾಗೆ ಬಾಯಿ ಮುಚ್ಚಿಸುತ್ತದೆ, ಆ ಗಡಿಯಾರ ರಿಪೇರಿಯವನು ಕೂಡ ಯಾವಾಗಲೂ ಒಂದು ಗಾಜಿನ ಬಟ್ಟಲಲ್ಲಿ ಪಟಿಕದ ನೀರು ಇಟ್ಟುಕೊಳ್ಳುತ್ತಿದ್ದ, ಸಿನಿಮಾ ಟಾಕೀಸಿನ ಪಕ್ಕ ಕೂರುತ್ತಿದ್ದ ಆ ಕುಳ್ಳ, ಹಿತ್ತಾಳೆಯ ತಟ್ಟೆಯಲ್ಲಿ ಉಕ್ಕಿನ ಸ್ಕ್ರೂ ಮುರಿದು ಕೂತರೆ ಅದನ್ನು ಆ ನೀರಿಗೆ ಹಾಕಿ ಬಿಸಿ ಜಾಗದಲ್ಲಿಟ್ಟು ಚಹಾ ಕುಡಿಯಲು ಎದ್ದು ಹೋಗುತ್ತಿದ್ದ, ಅವಸರ ಯಾಕೆ ಸ್ವಾಮಿ ಅನ್ನುತ್ತಿದ್ದ, ಪಟಿಕಕ್ಕೆ ಹಿತ್ತಾಳೆ ಬೇಡ, ಉಕ್ಕು ಬೇಕು, ಅದನ್ನೇ ತಿಂದ್ಕೊಂಡು ಹೋಗುತ್ತೆ, ಹಿತ್ತಾಳೆಯೇನು, ಅಲ್ಯೂಮಿನಿಯಮ್ಮನ್ನೂ ಮುಟ್ಟಲ್ಲ — ಕೈಯಲ್ಲಿದ್ದ ಕಲ್ಲು ಹಾಗೇ ಗಲ್ಲದ ಮೇಲೆ ನಿಂತಿತು. ಅಲ್ಯೂಮಿನಿಯಮ್ಮನ್ನೂ ಮುಟ್ಟಲ್ಲ! ಎಲಾ ಕುಳ್ಳ, ಎಲ್ಲಿದ್ದೀಯೋ ಏನೋ, ತಣ್ಣಗಿರು. ಆದರೆ ಈ ಕಲ್ಲು ಬೆಲ್ಲದ ಚೂರಿನಷ್ಟಿದೆ, ಮುಚ್ಚಳ ಮುಳುಗುವಷ್ಟು ನೀರಿಗೆ ಮುಷ್ಟಿಗಟ್ಟಲೆ ಬೇಕು, ದೊಡ್ಡ ಪಾತ್ರೆ ಬೇಕು, ಕಬ್ಬಿಣದ್ದು ಆಗಲ್ಲ, ಸ್ಟೀಲೂ ಬೇಡ, ಅಲ್ಯೂಮಿನಿಯಂದೇ ಬೇಕು, ಒಲೆ ಬೇಕು, ಇವೆಲ್ಲ ಇರುವ ಜಾಗ ಒಂದೇ, ಮಹಡಿಯ ಅಡುಗೆಮನೆ, ಮತ್ತು ಅಡುಗೆಮನೆ ಅಳಿಯನದು.

ಅಳಿಯ ವಿದ್ಯಾರ್ಥಿನಿಲಯದ ಅಡುಗೆಯವನು, ಬೆಳಗಿನ ಜಾವ ಹೋಗಿ ಮಧ್ಯಾಹ್ನಕ್ಕೆ ಬರುತ್ತಾನೆ, ಬಂದವನು ಮನೆಯಲ್ಲೂ ಅಡುಗೆಯೇ, ದಣಿವು ಅನ್ನುವುದು ಅವನಿಗೆ ಹೇಳಿಕೊಟ್ಟಿಲ್ಲ, ದಪ್ಪ ಮೈ, ಸಣ್ಣ ದನಿ, ಸೌಟು ಹಿಡಿಯೋನ ಕೈಗೆ ನನ್ನ ಮಗಳನ್ನ ಕೊಡ್ಲಾ ಅಂತ ಯಜಮಾನರು ಕೂಗಿದ್ದು ಅವನು ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದಾಗ, ಕೇಳಿಸಿತ್ತು, ಕೇಳಿಸದೆ ಏನು, ಛಾವಣಿಗೇ ಕೇಳಿಸಿತ್ತು, ಅವನು ಒಳಗೆ ಬಂದು ನಕ್ಕು ನಮಸ್ಕಾರ ಮಾಡಿದ್ದ, ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈದವನ ಜೊತೆ ಮಾರನೇ ದಿನ ಮಾತಾಡಬಹುದು, ನಕ್ಕವನ ಜೊತೆ ಹೇಗೆ ಮಾತಾಡುವುದು, ಅಂದಿನಿಂದ ಯಜಮಾನರು ಅವನಿಗೆ ಹೇಳಬೇಕಾದ್ದನ್ನು ಕಿಟಕಿಗೆ, ಗಡಿಯಾರಕ್ಕೆ, ಮೇಜಿಗೆ ಹೇಳುತ್ತಾರೆ, ಅವನು ಕಿಟಕಿ ಗಡಿಯಾರ ಮೇಜುಗಳ ಪರವಾಗಿ ಉತ್ತರ ಕೊಡುತ್ತಾನೆ, ಸಂಸಾರ ನಡೆದಿದೆ. ಅಡುಗೆಮನೆಯ ಬಾಗಿಲಲ್ಲಿ ಟವೆಲು ಸುತ್ತಿದ ಮುಚ್ಚಳ ಹಿಡಿದು ನಿಂತರು. ಅವನು ಬೆನ್ನು ಮಾಡಿಕೊಂಡು ಈರುಳ್ಳಿ ಹೆಚ್ಚುತ್ತಿದ್ದ. ಈ ಮನೇಲಿ ಪಟಿಕ ಅನ್ನೋದು ಇದೆಯೋ ಇಲ್ವೋ, ಅಂತ ಫ್ರಿಜ್ಜನ್ನು ಕೇಳಿದರು. ಇದೆ ಮಾವ, ಅಂದ, ತಿರುಗದೆ, ಕಲಕು ನೀರು ತಿಳಿಯಾಗಲಿ ಅಂತ ಒಂದು ಡಬ್ಬಿ ಇಟ್ಟಿದ್ದೀನಿ, ಎಷ್ಟು ಬೇಕು. ಡಬ್ಬಿ ಪೂರ್ತಿ, ಅಂದರು. ಆಗ ಅವನು ತಿರುಗಿದ, ಗಲ್ಲ ನೋಡಿದ, ಟವೆಲು ನೋಡಿದ, ಟವೆಲು ತಾನಾಗಿ ಜಾರಿತು, ಮುಚ್ಚಳ ನೋಡಿದ, ಬಾಗಿ ಕೊನೆಯ ರಂಧ್ರ ನೋಡಿದ, ಯಾರು ಅಂತ ಕೇಳಲಿಲ್ಲ, ಹೇಗೆ ಅಂತ ಕೇಳಲಿಲ್ಲ, ಎಷ್ಟು ಹೊತ್ತು ಬೇಯಬೇಕು ಮಾವ, ಅಂತ ಕೇಳಿದ.

ಆ ಪ್ರಶ್ನೆಗೆ ಗೋಡೆಗೆ ಉತ್ತರ ಹೇಳುವುದು ಹೇಗೆ, ಅಂಥ ಪ್ರಶ್ನೆ ಅದು. ಗೊತ್ತಿಲ್ಲಪ್ಪ, ಅಂದುಬಿಟ್ಟರು, ನೇರವಾಗಿ, ಅವನ ಮುಖಕ್ಕೇ, ಅಂದಮೇಲೆ ಗೊತ್ತಾಯಿತು ಅಂದದ್ದು. ಅವನು ಅದೇನೂ ಗೊತ್ತಾಗದವನ ಹಾಗೆ ಅಟ್ಟದಿಂದ ಅಲ್ಯೂಮಿನಿಯಂ ಪಾತ್ರೆ ಇಳಿಸಿದ, ಪಟಿಕ ಕುಟ್ಟಿ ಹಾಕಿದ, ನೀರು ಬಿಸಿಯಾಯಿತು, ಮುಚ್ಚಳ ಮುಳುಗಿತು, ಯಜಮಾನರು ಉರಿ ಜೋರು ಮಾಡಲು ಹೋದರೆ ಕೈ ಅಡ್ಡ ಇಟ್ಟ, ಬೇಡ ಮಾವ, ದೊಡ್ಡ ಉರೀಲಿ ಹೊರಗಷ್ಟೇ ಗದ್ದಲ, ಒಳಗೆ ಹಸಿಯೇ ಇರುತ್ತೆ, ಸಣ್ಣ ಉರಿ, ತಾಳ್ಮೆ. ತಾಳ್ಮೆ! ತಮಗೆ ತಾಳ್ಮೆ ಹೇಳಿಕೊಡುತ್ತಾನೆ, ಅಂತ ರೇಗಬೇಕೆಂದು ಬಾಯಿ ತೆರೆದರು, ಅಷ್ಟರಲ್ಲಿ ನೀರಿನ ತಳದಿಂದ, ಆ ರಂಧ್ರದ ಬಾಯಿಂದ, ಒಂದೇ ಒಂದು ಗುಳ್ಳೆ ಎದ್ದು ಮೇಲೆ ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲಾಗಿ, ಬೇರೆ ಯಾವ ರಂಧ್ರದಿಂದಲೂ ಇಲ್ಲ, ಅದೊಂದರಿಂದಲೇ, ತಿನ್ನುತ್ತಿದೆ, ಅಂದರು ಯಜಮಾನರು, ಪಿಸುಮಾತಿನಲ್ಲಿ, ತೊಟ್ಟಿಲ ಪಕ್ಕ ನಿಂತವರ ಹಾಗೆ, ಅಳಿಯನೂ ಬಾಗಿದ, ಇಬ್ಬರ ತಲೆ ಡಿಕ್ಕಿ ಹೊಡೆಯಿತು, ಕನ್ನಡಕಕ್ಕೆ ಹಬೆ ಹತ್ತಿತು. ಆಮೇಲಿನ ಹೊತ್ತು ಹೇಗೆ ಹೋಯಿತೋ, ಪಾತ್ರೆಯ ಎರಡು ಬದಿಗೆ ಎರಡು ಸ್ಟೂಲು, ಅವನು ಸೌಟಿನಿಂದ ನೀರು ಮೆಲ್ಲಗೆ ಸರಿಸುತ್ತಾನೆ, ನೆಟ್ಟಗೆ ಹಿಡಿಯಯ್ಯಾ ಸೌಟು, ಅನ್ನುತ್ತಾರೆ, ತೊಂಬತ್ತು ಡಿಗ್ರೀನಾ ಮಾವ, ಅನ್ನುತ್ತಾನೆ, ನಗಬಾರದು ಅಂದುಕೊಂಡಷ್ಟೂ ಮೂಗಿನಿಂದ ನಗು ಬಂತು, ನೀರು ಬತ್ತಿದಷ್ಟೂ ತುಂಬಿದರು, ನೀರು ಕಂದಾಯಿತು, ಕಪ್ಪಾಯಿತು, ಹೊರಗೆ ತೆಗೆದು ಸೂಜಿಯಿಂದ ಕೆದಕಿದರೆ ಕಪ್ಪು ಕೆಸರು, ಅದರಡಿ ನಾಲ್ಕೆಸಳು, ಇನ್ನೂ ಇದೆ, ಸ್ವಲ್ಪ ಬಾಡಿದೆ, ಮತ್ತೆ ಒಳಗೆ ಹಾಕು, ಅಭ್ಯಾಸಬಲದಿಂದ ಅಳಿಯ ಸೌಟಿನ ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನಾಲಿಗೆಯ ಹತ್ತಿರ ಒಯ್ದಿದ್ದ, ಅಯ್ಯೋ ನೆಕ್ಕಬೇಡ ಮಾರಾಯ, ಅಂತ ಯಜಮಾನರು ಅವನ ಮಣಿಕಟ್ಟು ಹಿಡಿದರು, ಹಿಡಿದ ತಮ್ಮ ಕೈ ನಡುಗುತ್ತಿತ್ತು, ಅವನು ಆ ಕೈ ನೋಡಿ ಒಲೆ ನೋಡಿದ. ಮಾವ, ಅಂದ, ಅವಳು ಬಂದು ಕೇಳಿದ್ರೆ ಏನು ಹೇಳೋಣ. ಏನಿದೆ ಹೇಳೋಕೆ, ಅಂದರು, ಟ್ಯಾಪು ತಾನಾಗೇ — ಅಲ್ಲಿಗೇ ನಿಲ್ಲಿಸಿದರು, ಮುಂದಿನ ಪದ ಗಂಟಲಲ್ಲಿ ಮುರಿದು ಕೂತಿತು, ಹಿಂದಕ್ಕೂ ಬರದು ಮುಂದಕ್ಕೂ ಹೋಗದು.

ಮೆಟ್ಟಿಲ ಮೇಲೆ ಹೆಜ್ಜೆ. ಇಷ್ಟು ಬೇಗ ಹೇಗೆ ಬಂದಳು, ಹೊರಗೆ ಇನ್ನೂ ಬಿಸಿಲಿದೆ, ಲೇತು ಚೆನ್ನಾಗಿರಲಿಲ್ಲವೇನೋ, ಹೌದಂತೆ, ಮೆಟ್ಟಿಲು ಹತ್ತುತ್ತಲೇ ಹೇಳುತ್ತಿದ್ದಾಳೆ, ಲೇತಲ್ಲ ಅದು, ತುಕ್ಕಿನ ಮೂಟೆ, ಸುಮ್ಮನೆ ಹೋದೆ, ಹೊಟ್ಟೆ ತಾಳ ಹಾಕ್ತಾ ಇದೆ, ಏನು ಬೇಯ್ತಾ ಇದೆ, ಅಂತ ಚೀಲವನ್ನೂ ಇಳಿಸದೆ ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದಳು. ಕಪ್ಪು ನೀರು, ನೀರಿನಲ್ಲಿ ಲಾಂಡ್ರಿಯಮ್ಮನ ಮುಚ್ಚಳ. ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಇಬ್ಬರೂ ಪಾತ್ರೆ ನೋಡುತ್ತಿದ್ದಾರೆ. ಯಾರು ಮುಟ್ಟಿದ್ದು ಇದನ್ನ, ಅಂದಳು, ಮೆಲ್ಲಗೆ, ಈ ಮೆಲ್ಲಗೆ ಯಾರದು ಅಂತ ಯಜಮಾನರಿಗೆ ಗೊತ್ತು, ಛಾವಣಿ ಹಾರುವುದಕ್ಕೆ ಮುಂಚಿನ ತಮ್ಮದೇ ಮೆಲ್ಲಗೆ. ನಾನೇ, ಅಂದ ಅಳಿಯ. ನೀನು ಬರೋ ಹೊತ್ತಿಗೆ ಮುಗಿಸಿಡೋಣ ಅಂತ ಕೈ ಹಾಕಿದೆ, ಟ್ಯಾಪು ಮುರೀತು. ಮುರೀತಾ, ಅಂದಳು ಮಗಳು, ಮುರೀತು ಅನ್ಬೇಡಿ, ಮುರಿದೆ ಅನ್ನಿ, ಅದಕ್ಕೇನು ಕಾಲು ಬಂದು ತಾನೇ ಹೋಗಿ ಮುರ್ಕೊಂಡಿತಾ, ತೊಂಬತ್ತು ಡಿಗ್ರಿ ಅಂದ್ರೆ ಗೊತ್ತಾ ನಿಮಗೆ, ಒಂದು ಸುತ್ತು ಮುಂದೆ ಹೋದ್ರೆ ಅರ್ಧ ಸುತ್ತು ಹಿಂದೆ ಬರ್ಬೇಕು ಅಂತ ಗೊತ್ತಾ, ಸೌಟು ಹಿಡ್ಕೊಂಡಿರೋರು ಸೌಟು ಹಿಡ್ಕೊಂಡಿರ್ಬೇಕು — ಅದೇ ಮಾತು, ಅದೇ ಬೆರಳು, ಕತ್ತಿನ ಅದೇ ನರ, ಹೊರಗಿನಿಂದ ನೋಡಿದರೆ ಹೀಗಿರುತ್ತದೆಯೇ ಇದು, ಎಷ್ಟು ಕೆಟ್ಟದಾಗಿದೆ, ಇಷ್ಟು ಸಣ್ಣ ಅಡುಗೆಮನೆಯಲ್ಲಿ ಇಷ್ಟು ದೊಡ್ಡ ದನಿ, ಅಳಿಯ ನಿಂತಿದ್ದಾನೆ, ತಲೆ ತಗ್ಗಿಸಿ, ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗಿನ ಅದೇ ನಗು ನಗುತ್ತಾ, ಸೌಟಿನಿಂದ ನೆಲಕ್ಕೆ ಹನಿ ಬೀಳುತ್ತಿದೆ, ಸಾಕು, ಅಂದರು ಯಜಮಾನರು, ಸಾಕು ಕಣೇ, ಅವನಲ್ಲ. ನಾನು ಮುರಿದೆ.

ಅಂದದ್ದಾಯಿತು. ಇನ್ನು ಛಾವಣಿ ಹಾರಬೇಕು, ಹಾರಲಿ ಅಂತ ಕಣ್ಣು ಮುಚ್ಚಿದರು. ಹಾರಲಿಲ್ಲ. ಕಣ್ಣು ತೆರೆದರೆ ಮಗಳ ಕಣ್ಣು ತುಂಬಿದೆ. ಅಪ್ಪ, ಅಂದಳು, ಇವರನ್ನ ಬಿಟ್ಟುಕೊಡಬಾರದು ಅಂತ ನೀವು ನಿಮ್ಮ ಮೇಲೆ ಹಾಕ್ಕೊಳ್ತಾ ಇದ್ದೀರಾ. ಇಲ್ಲಮ್ಮ, ಅಂದರು, ನಿಜವಾಗ್ಲೂ ನಾನೇ, ನನ್ನ ಹಳೇ ಡಬ್ಬಿಯ ಟ್ಯಾಪು ಅದು. ಸಾಕು ಬಿಡಿ ಅಪ್ಪ, ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಅಂತ ಮೂಗು ಒರೆಸಿಕೊಂಡಳು, ನಿಮ್ಮ ಕೈಲಿ ಟ್ಯಾಪು ಮುರಿಯೋದುಂಟಾ. ನಾನು ಮುರಿದೆ ಕಣೇ! ಅಂತ ಈಗ ಅವರು ಕೂಗಿದರು, ಇಷ್ಟು ವರ್ಷದಲ್ಲಿ ಯಾವನೂ ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಿರಲಿಕ್ಕಿಲ್ಲ, ಮುರುಕನ ಹತ್ತಿರ ಕೇಳು ಬೇಕಾದ್ರೆ, ಅವನ ಬಾಗಿಲವರೆಗೂ ಹೋಗಿ ಕುಂಬಳಕಾಯಿ ಅಂದು ಬಂದಿದ್ದೀನಿ! ಮಗಳು ಅಳುತ್ತಲೇ ನಕ್ಕಳು, ನಗುತ್ತಲೇ ಅತ್ತಳು, ಕುಂಬಳಕಾಯಿ ಅಂತೆ, ಕಥೆ ಕಟ್ಟೋದಾದ್ರೂ ಸ್ವಲ್ಪ ನಂಬೋ ಹಾಗೆ ಕಟ್ಟಿ ಅಪ್ಪ, ಅಂದಳು, ಗಂಡನ ಕಡೆ ತಿರುಗಿ, ನೋಡಿದ್ರಾ, ಅಪ್ಪ ನಿಮಗೋಸ್ಕರ ಹೇಗೆ, ಅಂದಳು, ಅಳಿಯ ತುಟಿ ಕಚ್ಚಿಕೊಂಡು ಪಾತ್ರೆಯ ಕಡೆ ಬಾಗಿದ, ಅವನ ಅಗಲ ಬೆನ್ನು ಮಾತ್ರ ಕುಲುಕುತ್ತಿತ್ತು. ತಪ್ಪೊಪ್ಪಿಕೊಂಡವನಿಗೆ ಬೈಗುಳ ಸಿಗಬೇಕು, ಇದೇನು ಪ್ರಶಸ್ತಿ ಕೊಡುತ್ತಿದ್ದಾರೆ, ಇದೆಲ್ಲಿಯ ನ್ಯಾಯ, ನಂಬಿಸುವುದು ಹೇಗೆ, ಇನ್ನೊಂದು ಟ್ಯಾಪು ತಂದು ಇವಳ ಮುಂದೆಯೇ ಮುರಿದು ತೋರಿಸಬೇಕೆ.

ಬಿಸಿಲು ಇಳಿದಮೇಲೆ ಮುಚ್ಚಳವನ್ನು ಇಕ್ಕಳದಲ್ಲಿ ಹೊರಗೆತ್ತಿ, ಬೋರಲು ಹಾಕಿ ಮರದ ಹಲಗೆಗೆ ಒಮ್ಮೆ ಕುಟ್ಟಿದ್ದು ಅಳಿಯ, ಬಿದ್ದದ್ದು ಒಂದು ಕಪ್ಪು ತುಣುಕು, ನಾಲ್ಕೆಸಳಿಲ್ಲ, ಏನೂ ಇಲ್ಲ, ಒಣಗಿದ ಲವಂಗದ ಹಾಗೆ ಏನೋ, ಉಗುರಿನಿಂದ ಒತ್ತಿದರೆ ಪುಡಿಯಾಯಿತು. ಮೂವರೂ ಬಾಗಿ ರಂಧ್ರದೊಳಗೆ ನೋಡಿದರು. ಖಾಲಿ. ಮಗಳು ಮುಚ್ಚಳ ತೊಳೆದು, ಕೆಳಗೆ ಒಯ್ದು, ವೈಸಿಗೆ ಕಚ್ಚಿಸಿ, ಹೊಸ ಟ್ಯಾಪನ್ನು ಹಿಡಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಅಪ್ಪನ ಮುಂದೆ ಚಾಚಿದಳು, ಬೆಳಿಗ್ಗೆ ನಾನು ಮುಟ್ಟಬೇಡಿ ಅಂತ ಅನ್ನಬಾರದಿತ್ತು, ಅಂದಳು, ಈ ಕೊನೇದನ್ನ ನೀವೇ ಹಾಕಿ. ಅದೇ ರಂಧ್ರ. ಬೆಳಿಗ್ಗೆಯಿಂದ ತಾವು ಬಯಸಿದ್ದು ಇದನ್ನೇ, ಇವಳೇ ಕೈಗೆ ಕೊಡಬೇಕು, ಇಲ್ಲೇ, ಈ ಬೆಂಚಿನ ಮುಂದೆ, ಕೊಟ್ಟಿದ್ದಾಳೆ, ತಗೊಂಡರು, ಟ್ಯಾಪಿನ ತುದಿ ರಂಧ್ರದ ಬಾಯಿಗೆ ಇಳಿಯಬೇಕು, ಇಳಿಯುತ್ತಿಲ್ಲ, ಈ ಅಂಚಿಗೆ ಬಡಿಯುತ್ತಿದೆ, ಆ ಅಂಚಿಗೆ ಬಡಿಯುತ್ತಿದೆ, ಲಾರಿ ಹೋಗುತ್ತಿಲ್ಲ, ಬೆಂಚು ಅಲ್ಲಾಡುತ್ತಿಲ್ಲ, ಮಗಳು ನೋಡುತ್ತಿದ್ದಾಳೆ, ಮೊದಲು ಟ್ಯಾಪನ್ನು, ಆಮೇಲೆ ಟ್ಯಾಪು ಹಿಡಿದ ಬೆರಳುಗಳನ್ನು. ನೀನೇ ಹಾಕಮ್ಮ, ಅಂದರು, ನನ್ನ ಕೈ ನಡುಗುತ್ತೆ. ಈ ಸಲ ಅವಳು ನಗಲಿಲ್ಲ. ಯಾವಾಗಿಂದ ಅಪ್ಪ, ಅಂದಳು. ಸುಮಾರು ದಿನ ಆಯ್ತು. ಅದಕ್ಕೇ ಮಾವನ ಲೋಟಕ್ಕೆ ನಾನು ಅರ್ಧ ಮಾತ್ರ ಹಾಕೋದು, ಅಂದ ಅಳಿಯ, ಮೆಟ್ಟಿಲ ಬುಡದಿಂದ, ಚೆಲ್ಲಬಾರದು ಅಂತ, ಅಂದವನು ಯಾಕೆ ಅಂದೆನೋ ಅನ್ನುವ ಹಾಗೆ ನಾಲಿಗೆ ಕಚ್ಚಿಕೊಂಡ. ಜಿಪುಣ ಅಂದುಕೊಂಡಿದ್ದರಲ್ಲ, ಇಷ್ಟು ದಿನ ಆ ಅರ್ಧ ಲೋಟ ನೋಡಿ ಹಾಲಿನಲ್ಲೂ ಜಿಪುಣತನ ಅಂದುಕೊಂಡಿದ್ದರಲ್ಲ, ಗಡಿಯಾರಕ್ಕೆ ಹೇಳಿಯೂ ಇದ್ದರು. ಮಗಳು ಹಿಡಿ ತೆಗೆದುಕೊಂಡಳು, ತೆಗೆದುಕೊಳ್ಳುವಾಗ ಆ ಬೆರಳುಗಳನ್ನು ಒಂದು ಕ್ಷಣ ಮುಷ್ಟಿಯಲ್ಲಿ ಹಿಡಿದು ಬಿಟ್ಟಳು, ಹಾಗಾದ್ರೆ ಎಣ್ಣೆ ನೀವು ಬಿಡಿ, ಅಂದಳು, ನಡುಗೋ ಕೈಯಲ್ಲಿ ತೊಟ್ಟು ತೊಟ್ಟಾಗಿ ಚೆನ್ನಾಗಿ ಬೀಳುತ್ತೆ, ಮತ್ತೆ ಕುಂಬಳಕಾಯಿ ವಿಷಯ, ಅದೂ ನಿಜಾನಾ. ನಿಜ, ಅಂದರು. ಅಯ್ಯೋ ಅಪ್ಪ, ಅಂದಳು, ಹಿಡಿಯ ಮೇಲೆ ಹಣೆ ಇಟ್ಟು ನಕ್ಕಳು, ಅಳಿಯ ಅಲ್ಲಿ ಮೆಟ್ಟಿಲ ಮೇಲೆ ಕೂತೇಬಿಟ್ಟ, ನಗಲಿ, ನಗಲಿ ಬಿಡು, ಯಜಮಾನರು ಡಬ್ಬಿ ಬಗ್ಗಿಸಿದರು, ಮೂತಿಯ ತುದಿಯಲ್ಲಿ ಸೀಮೆಎಣ್ಣೆ ಸೇರಿತು, ದುಂಡಗಾಯಿತು, ನಡುಗಿತು, ಕೆಳಗೆ ರಂಧ್ರ, ಖಾಲಿ, ಕಪ್ಪು, ಒಳಗೋಡೆಯ ಮೇಲೆ ಅರ್ಧಕ್ಕೆ ನಿಂತ ಥ್ರೆಡ್ಡಿನ ಗೆರೆ, ಅದರ ಮೇಲೆ ನೇತಾಡುವ ಒಂದು ಹನಿ, ಇನ್ನೂ ಬಿದ್ದಿಲ್ಲ, ರಂಧ್ರ, ಹನಿ, ರಂಧ್ರ —